ಸಾವಲ್, ಸವಾಲ್ ಮತ್ತು ನನ್ನ ಜಡೆ

ನಾನು ಡಿಗ್ರಿ ಪಾಸಾಗುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದು ಹೇಳಿದವರು ನಮ್ಮ ಫುಪ್ಪು. ಫುಪ್ಪು ಎಂದರೆ ಅಪ್ಪನ ಅಕ್ಕ. ಹೆಸರು ಹಾಜರಾಬಿ. ಮುಂಬೈಯ ಸಯನ್‌ನ ನಮ್ಮ ಚಾಳಿನ ಗ್ಯಾಲರಿಯಲ್ಲಿ ಕೂತು, ಕೌದಿ ಹೊಲಿಯುತ್ತ, ಬಾಯಲ್ಲಿ ದಾರ ಕಚ್ಚಿಕೊಂಡು ಹೇಳಿದ್ದರಿಂದ ಮೊದಲ ಸಲ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಅಂಥ ಮಾತು ವ್ಯರ್ಥವಾಗಬಾರದೆಂದು ದಾರ ತೆಗೆದು ಇನ್ನೊಮ್ಮೆ ಹೇಳಿದರು.

"ಆಗೂದಿಲ್ಲೋ ಲಾಲ್ಯಾ. ನಿನ್ನ ಮಗಳು ನಿಂತ್ರ ಸೀದಾ ನಿಲ್ಲೂದಿಲ್ಲ, ಕುಂತ್ರ ಸೀದಾ ಕುಂಡ್ರೂದಿಲ್ಲ. ಇಕಿ ಸೀದಾ ಹೋಗಿ ಬಿ.ಎ. ಪಾಸ್ ಆಗಿ ಬರ್ತಾಳಂತ!"

ಸೀದಾ ನಿಲ್ಲುವುದಿಲ್ಲ ಎಂಬುದರಲ್ಲಿ ಸುಳ್ಳಿರಲಿಲ್ಲ. ಕೆಳಗಿನ ನಳದಿಂದ ಮೂರನೆಯ ಮಾಳಿಗೆಗೆ ಕೊಡ ಹೊತ್ತು ಹೊತ್ತು ನನ್ನ ಸೊಂಟ ಎಡಕ್ಕೂ ತಲೆ ಬಲಕ್ಕೂ ವಾಲುವುದು ರೂಢಿಯಾಗಿಬಿಟ್ಟಿತ್ತು. ಕೊಡ ಇಳಿಸಿದ ಮೇಲೂ ಮೈ ಅದನ್ನು ನಂಬುತ್ತಿರಲಿಲ್ಲ. ಅದಕ್ಕೇ ಫುಪ್ಪು ನನ್ನನ್ನು 'ಟೇಡಿ' ಎಂದು ಕರೆಯುತ್ತಿದ್ದರು. ಟೇಡಿ ಎಂದರೆ ಸೊಟ್ಟಗಿರುವವಳು. ಶಮೀಮ್ ಎಂಬ ನನ್ನ ಚೆಂದದ ಹೆಸರು ಶಾಲೆಯ ಹಾಜರಿಗೆ ಮಾತ್ರ ಉಳಿಯಿತು.

ಇದೆಲ್ಲ ಈಗ ಯಾಕೆ ಬಂತೆಂದರೆ, ಮೊನ್ನೆ ನಮ್ಮ ಅಡುಗೆಮನೆಗೆ ಕಪಾಟು ಕೂಡಿಸಲು ಒಬ್ಬ ಬಂದಿದ್ದ. ಸಾಬೂನಿನಷ್ಟು ದೊಡ್ಡದೊಂದು ಡಬ್ಬಿ ತೆಗೆದು ಗುಂಡಿ ಒತ್ತಿದ. ಗೋಡೆಯ ಮೇಲೆ, ಸೂರಿನಿಂದ ನೆಲದವರೆಗೆ ಕೆಂಪು ಬೆಳಕಿನ ಗೆರೆ. "ಏಕ್‌ದಮ್ ಸೀದಾ, ಆಂಟಿ" ಎಂದ. ನನಗೆ ಸುಮ್ಮನಿರಲಾಗಲಿಲ್ಲ. ಒಳಗೆ ಹೋಗಿ ನಮ್ಮ ಅಬ್ಬಾನ ಸಾವಲ್ ತಂದು ಆ ಗೆರೆಯ ಪಕ್ಕದಲ್ಲಿ ಇಳಿಬಿಟ್ಟೆ. ಎರಡೂ ಒಂದೇ ಮಾತು ಹೇಳಿದವು. ಅವನು ಹಿತ್ತಾಳೆಯ ಗುಂಡನ್ನು ದಿಟ್ಟಿಸಿ, "ಯೇ ಲಟ್ಟೂ ಹೈ ಕ್ಯಾ, ಆಂಟಿ?" ಎಂದು ಕೇಳಿದ.

"ಬುಗುರಿ ಅಲ್ಲಪ್ಪಾ, ಇದು ನನ್ನ ಬಿ.ಎ." ಎಂದೆ. ಪಾಪ, ಕಪಾಟನ್ನು ಬೇಗ ಬೇಗ ಕೂಡಿಸಿ ಹೊರಟುಹೋದ.

ಸಾವಲ್ ಎಂದರೆ ಗೌಂಡಿಗಳ ತೂಗುಗುಂಡು. ನೀವು ಲಂಬಸೂತ್ರ ಎನ್ನಿ, ಮರಾಠಿಯವರು ಓಳಂಬಾ ಎನ್ನಲಿ; ನಮ್ಮ ಮನೆಯಲ್ಲಿ ಅದು ಸಾವಲ್. ಉರ್ದು ಓದಿದವರು ಅದನ್ನು ಸಾಹುಲ್ ಎಂದು ತಿದ್ದುತ್ತಾರೆ. ತಿದ್ದಿಕೊಳ್ಳಲು ನಮ್ಮವರಿಗೆ ಪುರಸೊತ್ತು ಇರಲಿಲ್ಲ, ಗೋಡೆ ಕಟ್ಟುವುದಿತ್ತು. ಒಂದು ದಾರ, ದಾರದ ತುದಿಗೆ ಮೊನೆಯಿರುವ ಗುಂಡು, ದಾರದ ಮೇಲೆ ಜಾರುವ ಒಂದು ಚೌಕ ಮರದ ತುಂಡು. ಮರದ ಅಗಲವೂ ಗುಂಡಿನ ಅಗಲವೂ ಒಂದೇ. ಮರವನ್ನು ಗೋಡೆಯ ಮೇಲ್ತುದಿಗೆ ಒತ್ತಿ ಹಿಡಿದು ಗುಂಡನ್ನು ಕೆಳಗೆ ಬಿಟ್ಟರೆ ಅದು ಗೋಡೆಗೆ ತಾಗಿಯೂ ತಾಗದ ಹಾಗೆ ನಿಲ್ಲಬೇಕು. ದೂರ ನಿಂತರೆ ಗೋಡೆ ಮುಂದಕ್ಕೆ ವಾಲಿದೆ, ಒರಗಿಕೊಂಡರೆ ಹಿಂದಕ್ಕೆ. ಬೇರೆ ಗೌಂಡಿಗಳು ಇದನ್ನು ಮುತ್ತು, ಅಪ್ಪುಗೆ ಎಂದೆಲ್ಲ ವಿವರಿಸಿ ನಗುತ್ತಿದ್ದರಂತೆ. ನಮ್ಮ ಅಬ್ಬಾ ಮಗಳ ಎದುರು ಹಾಗೆಲ್ಲ ಹೇಳಲಾರದೆ, ಕೆಮ್ಮಿ, ಬೇರೆ ದಾರಿ ಹುಡುಕಿಕೊಂಡಿದ್ದರು: "ಗುಂಡು ಗ್ವಾಡಿಗಿ ಬರೇ ಸಲಾಂ ಹೇಳಬೇಕು ಬೇಟಾ. ಈದ್ ಹಬ್ಬದ ದಿವಸದಂಗ ಎದಿಗೆ ಎದಿ ಹಚ್ಚಬಾರದು."

ಅಬ್ಬಾ, ಅಂದರೆ ಲಾಲ್‌ಸಾಬ್ ಗೌಂಡಿ, ಬಿಜಾಪುರದ ಕಡೆಯಿಂದ ಮುಂಬೈಗೆ ಬಂದದ್ದು ಗೋಡೆ ಕಟ್ಟಲು. ಆಗ ಮುಂಬೈ ಬಿಟ್ಟೂ ಬಿಡದೆ ಮೇಲೆ ಮೇಲೆ ಬೆಳೆಯುತ್ತಿತ್ತು. ರವಿವಾರ ಬೇರೆಯವರ ಅಪ್ಪಂದಿರು ಮಕ್ಕಳನ್ನು ಚೌಪಾಟಿಗೆ ಕರೆದೊಯ್ದರೆ ನಮ್ಮ ಅಬ್ಬಾ ತಾವು ಕಟ್ಟಿದ ಗೋಡೆ ತೋರಿಸಲು ಕರೆದೊಯ್ಯುತ್ತಿದ್ದರು. ಬಸ್ಸು ಹತ್ತಿ ಪವಾಯಿಗೆ ಹೋದರೆ ನಾನು ಕೆರೆ ನೋಡುತ್ತಿದ್ದೆ, ಅಬ್ಬಾ ಕೆರೆಗೆ ಬೆನ್ನು ಹಾಕಿ ಬಿಲ್ಡಿಂಗ್ ನೋಡುತ್ತಿದ್ದರು. ಒಮ್ಮೆ ಗ್ರಾಂಟ್ ರೋಡಿನಲ್ಲಿ ಒಂದು ಲಾಜಿನ ಎದುರು ನಿಂತು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಗೋಡೆಯನ್ನು ಬಹಳ ಹೊತ್ತು ಅಳೆದರು. ಕೆಳಗಿನ ಉಡುಪಿ ಹೋಟೆಲಿನ ಯಜಮಾನರು ಗಲ್ಲಾ ಬಿಟ್ಟು ಓಡಿಬಂದರು. ಇವರು ಮುನಿಸಿಪಾಲಿಟಿಯಿಂದ ಬಂದ ಸಾಹೇಬರೆಂದು ಅವರಿಗೆ ಗಾಬರಿ.

"ಬನ್ನಿ ಬನ್ನಿ, ಮೊದಲು ಕಾಫಿ ಕುಡೀರಿ ಮಾರಾಯ್ರೇ. ಆ ಶೆಡ್ ನಾಳೆಯೇ ತೆಗೆಸ್ತೇನೆ" ಎಂದರು.

"ತಗಸಬ್ಯಾಡ್ರಿ, ಶೆಡ್ಡೂ ಸೀದಾ ಐತಿ" ಎಂದರು ಅಬ್ಬಾ. ನಮಗೆ ಅಂದು ಕಾಫಿಯ ಜೊತೆಗೆ ಮಸಾಲೆ ದೋಸೆಯೂ ಸಿಕ್ಕಿತು. ಗೋಡೆಗಳ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿಂದಲೇ.

ನಮ್ಮ ಮನೆಯ ಭಾಷೆಯ ವಿಷಯ ಒಂದಿಷ್ಟು ಹೇಳಬೇಕು, ಮುಂದೆ ಬೇಕಾಗುತ್ತದೆ. ಮನೆಯೊಳಗೆ ದಖನಿ, ಹೊಸ್ತಿಲು ದಾಟಿದರೆ ಕನ್ನಡ, ಮೆಟ್ಟಿಲು ಇಳಿದರೆ ಮುಂಬೈಯ ಹಿಂದಿ. ಫುಪ್ಪು ಮಾತ್ರ ಈ ನಿಯಮಕ್ಕೆ ಸೇರಿದವರಲ್ಲ. ಅವರಿಗೆ ಸಿಟ್ಟು ಬಂದರೆ ಕನ್ನಡ, ಪ್ರೀತಿ ಬಂದರೆ ದಖನಿ. ನನ್ನ ಕನ್ನಡ ಇಷ್ಟು ಗಟ್ಟಿಯಾಗಿರುವುದಕ್ಕೆ ಮುನಿಸಿಪಾಲಿಟಿ ಶಾಲೆಯ ಕನ್ನಡ ಮಾಸ್ತರರು ಎಷ್ಟು ಕಾರಣವೋ ಫುಪ್ಪುವೂ ಅಷ್ಟೇ ಕಾರಣ.

ಕನ್ನಡದಲ್ಲಿ ಏಳನೆಯ ಇಯತ್ತೆ, ಹಗಲೆಲ್ಲ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುವ ಕೆಲಸ, ಸಂಜೆ ಹೈಸ್ಕೂಲು. ಹೀಗೆ ಏರಿ ಏರಿ ನಾನು ಇಂಗ್ಲಿಷ್ ಕಾಲೇಜಿನ ಬಾಗಿಲಿಗೆ ಬಂದು ನಿಂತೆ. ಆರಿಸಿಕೊಂಡದ್ದು ಭೂಗೋಳ. ಊರು, ನದಿ, ಗುಡ್ಡ ಎಲ್ಲಿವೆ ಎಂದು ಹೇಳಿದರೆ ಸಾಕು, ಅವುಗಳ ಬಗ್ಗೆ ಯಾವ ಅಭಿಪ್ರಾಯವೂ ಇರಬೇಕಾಗಿಲ್ಲ ಎಂಬುದು ನನ್ನ ಲೆಕ್ಕಾಚಾರ. ಅದು ತಪ್ಪೆಂದು ಬೇಗ ಗೊತ್ತಾಯಿತು. ಜಮೀನು ಅಳೆಯುವ ಸರ್ವೆ ಪಾಠ ಶುರುವಾದ ದಿನ ಪ್ರೊಫೆಸರರು 'ಪ್ಲಮ್ ಲೈನ್' ಎಂದರು. ನಾನು ಬರೆದುಕೊಂಡದ್ದು ಪ್ಲಂಬರ್ ಲೈನ್. ಚಾಳಿನಲ್ಲಿ ಬೆಳೆದವಳಿಗೆ ಲೈನ್ ಎಂದರೆ ನಳದ ಮುಂದಿನ ಕೊಡಗಳ ಸಾಲು. ಪ್ಲಂಬರ್ ಎಂದರೆ ಆ ನಳ ಕೆಟ್ಟಾಗ ಬಾರದೆ ಇರುವ ಮನುಷ್ಯ. ಇದರಲ್ಲಿ ಕಲಿಯುವುದೇನಿದೆ ಎಂದುಕೊಂಡೆ. ಅವರು ಕೈಚೀಲದಿಂದ ಗುಂಡು ತೆಗೆದು ಇಳಿಬಿಟ್ಟಾಗ ನನ್ನ ಬಾಯಿಂದ, "ಅಯ್ಯ, ಇದು ನಮ್ಮ ಮನೀದು!" ಎಂದು ಬಂದುಬಿಟ್ಟಿತು. ಕಾಲೇಜಿನ ಸಾಮಾನನ್ನು ನಾನು ನಮ್ಮದೆನ್ನುತ್ತಿದ್ದೇನೆಂದು ಕ್ಲಾಸು ನಕ್ಕಿತು. ಹೆಸರನ್ನು ಹಲಗೆಯ ಮೇಲೆ ಬರೆದಾಗ ಪ್ಲಮ್ ಎಂಬುದರ ಕೊನೆಯಲ್ಲಿ ಒಂದು 'ಬಿ' ಇತ್ತು. ನಾನು ಅದನ್ನು ಗಟ್ಟಿಯಾಗಿ ಉಚ್ಚರಿಸಿದೆ. "ಆ ಬಿ ಸುಮ್ಮನಿರುತ್ತದೆ" ಎಂದರು ಪ್ರೊಫೆಸರರು. ಕ್ಲಾಸು ಮತ್ತೆ ನಕ್ಕಿತು. ಅಂದಿನಿಂದ ಆ ಶಬ್ದ ಬಂದಾಗಲೆಲ್ಲ, ಬಿ ನುಂಗಬೇಕೋ ಉಗುಳಬೇಕೋ ತಿಳಿಯದೆ ಬಾಯಿ ಕಟ್ಟುತ್ತಿತ್ತು.

ಇತ್ತ ಫುಪ್ಪು ಕೈಕಟ್ಟಿ ಕೂತಿರಲಿಲ್ಲ. ಸೋಲಾಪುರದಲ್ಲಿ ಚಾದರದ ಅಂಗಡಿಯವರ ಮಗನೊಬ್ಬನನ್ನು ನೋಡಿಟ್ಟಿದ್ದರು. ಅವನ ಗುಣಗಾನ ವಾರಕ್ಕೊಮ್ಮೆ ನಡೆಯುತ್ತಿತ್ತು. ವಾರದಿಂದ ವಾರಕ್ಕೆ ಅವನು ಬೆಳ್ಳಗಾಗುತ್ತಿದ್ದ. ಕೊನೆಗೆ ಅಕ್ಕ-ತಮ್ಮ ಇಬ್ಬರೂ ಕೂತು ಕರಾರು ಮಾಡಿಕೊಂಡರು.

"ಒಂದ ಸಲ ನಪಾಸ್ ಆದ್ಲಂದ್ರ ಸಾಲಿ ಬಂದ್. ಸೀದಾ ಸೋಲಾಪುರ. ಕಬೂಲ್?"

"ಕಬೂಲ್, ಆಪಾ" ಎಂದರು ಅಬ್ಬಾ. ಅಬ್ಬಾ ಮಾತು ಕೊಟ್ಟರೆ ಮುಗಿಯಿತು. ಮಾತನ್ನೂ ಅವರು ಸಾವಲ್ ಬಿಟ್ಟು ನೋಡುವವರು. ಎರಡು ವರ್ಷ ಹೇಗೋ ಪಾಸಾದೆ. ಉಳಿದದ್ದು ಕೊನೆಯ ವರ್ಷ. ಅದರಲ್ಲೂ ಪ್ರ್ಯಾಕ್ಟಿಕಲ್ ಪರೀಕ್ಷೆಯ ಮೌಖಿಕ: ಹೊರಗಿನಿಂದ ಬಂದವರ ಎದುರು ನಿಂತು ಬಾಯಿಬಿಟ್ಟು ಉತ್ತರ ಹೇಳಬೇಕು. ಅದರಲ್ಲಿ ಬಿದ್ದರೂ ನಪಾಸೇ. ಸೋಲಾಪುರದ ಚಾದರ ನನ್ನ ಕನಸಿನಲ್ಲಿ ಬಂದು ತಾನಾಗಿ ನನ್ನ ಮೈಮೇಲೆ ಹೊದ್ದುಕೊಳ್ಳತೊಡಗಿತು.

ಓದಿದ್ದನ್ನು ಗಟ್ಟಿ ಮಾಡಿಕೊಳ್ಳಲು ನಾನು ಮನೆಯವರಿಗೇ ಪಾಠ ಹೇಳುತ್ತಿದ್ದೆ. ಒಂದು ಸಂಜೆ, ಎರಡು ಕಡೆ ಇಳಿಬಿಟ್ಟ ಸಾವಲ್‌ಗಳ ದಾರ ಪೂರ್ತಿ ಸಮಾನಾಂತರ ಇರುವುದಿಲ್ಲ, ಎಲ್ಲವೂ ಭೂಮಿಯ ನಡುವಿನ ಕಡೆಗೇ ಮುಖ ಮಾಡಿರುತ್ತವೆ ಎಂದೆ. ಅಬ್ಬಾ ಚಹಾದ ಬಸಿ ಕೆಳಗಿಟ್ಟರು.

"ಅಂದ್ರ ನಾ ಕಟ್ಟಿದ ಎರಡು ಗ್ವಾಡಿ ಒಂದಕ್ಕೊಂದು ಸರಿ ಇಲ್ಲಂತೀ?"

"ಅಷ್ಟು ಹತ್ರದಾಗ ಗೊತ್ತಾಗೂದಿಲ್ಲ ಅಬ್ಬಾ. ಕೂದಲಿನಷ್ಟೂ ಫರಕ್ ಇರೂದಿಲ್ಲ. ಒಂದು ಮುಂಬೈದಾಗ, ಒಂದು ಬಿಜಾಪುರದಾಗ ಬಿಟ್ರ ಲೆಕ್ಕಕ್ಕ ಬರತೈತಿ."

"ಬಿಜಾಪುರದಾಗ ಯಾರ್ ಬಿಟ್ಟಾರ? ನಾ ಬಿಟ್ಟಿಲ್ಲ" ಎಂದು ಅಬ್ಬಾ ನಿರಾಳವಾಗಿ ಬಸಿ ಎತ್ತಿಕೊಂಡರು. ಫುಪ್ಪು ಮಾತ್ರ ಸೂಜಿ ನಿಲ್ಲಿಸಿದರು.

"ತಡಿ. ಅಲ್ಲೀ ಗುಂಡೂ ಇಲ್ಲೀ ಗುಂಡೂ ಕೂಡಿ ಒಂದ ಕಡೆ ಹೋಗ್ತಾವ?"

"ಹೂಂ ಫುಪ್ಪು."

"ಹಂಗಿದ್ರ ಊರು ಬಿಟ್ಟು ಇಷ್ಟು ದೂರ ಯಾಕ ಬಂದ್ವಿ?"

ಮಾತು ಬದಲಿಸಲು, ದೊಡ್ಡ ಗುಡ್ಡದ ಹತ್ತಿರ ಗುಂಡು ಬಿಟ್ಟರೆ ಗುಡ್ಡ ಅದನ್ನು ತನ್ನ ಕಡೆ ಒಂದಿಷ್ಟು ಎಳೆದುಕೊಳ್ಳುತ್ತದೆ ಎಂದು ಹೇಳಿದೆ. ಹೇಳಬಾರದಿತ್ತು.

"ಕೇಳಿದಿ ಏನೋ ಲಾಲ್ಯಾ! ಹಿತ್ತಾಳಿ ಗುಂಡ ಸೈತ ಬಾಜೂಕ ಯಾರರೆ ನಿಂತ್ರ ಆ ಕಡೆ ಜಗ್ಗತೈತಿ. ಇನ್ನ ಇಕಿ ಕಾಲೇಜಿನ್ಯಾಗ ಬಾಕಿನ ಮ್ಯಾಲೆ ಹುಡುಗೂರ ಬಾಜೂಕ ಕುಂಡ್ರತಾಳ!"

"ಹುಡುಗರ ಬಾಕ್ ಬ್ಯಾರೆ ಫುಪ್ಪು."

"ಗುಡ್ಡ ಏನ್ ಗುಂಡಿನ ಜೋಡಿ ಒಂದ ಬಾಕಿನ ಮ್ಯಾಲ ಕುಂತಿತ್ತೇನು?"

ನನ್ನ ಭೂಗೋಳವನ್ನು ಅಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ವಿದ್ಯಾರ್ಥಿಯನ್ನು ಮುಂದೆ ನಾನು ಟೀಚರಾಗಿ ಕಲಿಸಿದ ಇಷ್ಟು ವರ್ಷಗಳಲ್ಲೂ ಕಂಡಿಲ್ಲ.

ಮೌಖಿಕದ ದಿನ ಬೆಳಿಗ್ಗೆ ಫುಪ್ಪು ತಾವಾಗಿಯೇ ಎಣ್ಣೆ ಬಾಚಣಿಗೆ ಹಿಡಿದು ಬಂದರು. ನನ್ನ ಕೂದಲು ಆಗ ಮೊಣಕಾಲಿನ ಸಮೀಪದವರೆಗೆ ಇತ್ತು. ಈಗ ನೋಡಿದವರು ನಂಬುವುದಿಲ್ಲ, ಒತ್ತಾಯವೂ ಇಲ್ಲ. ಜಡೆ ಬಿಗಿದು, ತುದಿಗೆ ಹೊಸ ಗೊಂಡೆ ಕಟ್ಟಿದರು. ಕೌದಿಯ ಕರಿ ದಾರದಿಂದ ತಾವೇ ಮಾಡಿದ್ದು. ಕಟ್ಟಿದ್ದೇ ತಡ ನನ್ನ ತಲೆ ಹಿಂದಕ್ಕೆ ಎಳೆಯಿತು.

"ಏನ್ ಇಟ್ಟೀರಿ ಇದರಾಗ?"

"ಬಾಟಿನ ಕಲ್ಲು ಹೊಲದೇನಿ. ಹಿಂದ ಭಾರ ಬಿದ್ರ ತಲಿ ಸೀದಾ ನಿಲ್ತೈತಿ. ಬಿಚ್ಚಬ್ಯಾಡ. ನಪಾಸ್ ಆಗಿ ಬಂದ್ರ ಹಂಗ ಸೋಲಾಪುರದವರಿಗೆ ತೋರಸಾಕ ಬರತೈತಿ."

ತಕ್ಕಡಿಯ ಪುಟ್ಟ ಬಾಟನ್ನು ಜಡೆಯಲ್ಲಿ ಕಟ್ಟಿಕೊಂಡು ನಾನು ಲೋಕಲ್ ಹತ್ತಿದೆ. ಗಾಡಿ ಹೊರಟಾಗ ಮೇಲೆ ಸಾಲಾಗಿ ತೂಗುವ ಹಿಡಿಕೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ವಾಲಿದವು, ನಿಲ್ಲುವಾಗ ಒಟ್ಟಿಗೆ ಮುಂದಕ್ಕೆ. ಓಡುವಾಗ ಸಾವಲ್ ಸುಳ್ಳು ಹೇಳುತ್ತದೆ, ನಿಂತ ಮೇಲೆಯೇ ಅದರ ಮಾತು ಕೇಳಬೇಕು ಎಂದು ಪುಸ್ತಕದಲ್ಲಿ ಓದಿದ್ದು ನೆನಪಾಯಿತು. ಧೈರ್ಯ ಬಂತು. ಕಾಲೇಜಿನ ಗೇಟಿನವರೆಗೆ ಇತ್ತು.

ಪರೀಕ್ಷಕರು ಮರಾಠಿ ಮಾತಿನ ದಪ್ಪ ಕನ್ನಡಕದ ಗೃಹಸ್ಥರು. ಎದುರಿಗೆ ಸರ್ವೆಯ ಮೂರು ಕಾಲಿನ ಹಲಗೆ. ಗುಂಡು ಮಾತ್ರ ಇರಲಿಲ್ಲ. ಅದು ನನಗಿಂತ ಮೊದಲಿನವನ ಜೊತೆ ಮೈದಾನಕ್ಕೆ ಹೋಗಿತ್ತು. ಹಲಗೆಯ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು ಅವರು ಇಂಗ್ಲಿಷಿನಲ್ಲಿ ಕೇಳಿದರು: ಇದರ ನೆಟ್ಟಗೆ ಕೆಳಗೆ ನೆಲದ ಯಾವ ಜಾಗ ಬರುತ್ತದೆಂದು ಯಾವುದರಿಂದ ತಿಳಿಯುತ್ತೀ?

ನನಗೆ ಗೊತ್ತಿತ್ತು! ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತಿತ್ತು. ಆದರೆ ಆ ಹಾಳು ಬಿ ಬಂದು ಗಂಟಲಿಗೆ ಅಡ್ಡ ಕೂತಿತು. ಬಾಯಿಂದ ಹೊರಬಿದ್ದದ್ದು ಮನೆಯ ಮಾತು.

"ಸಾವಲ್, ಸರ್."

ಸಾವಲ್ ಅವರ ಕಿವಿಗೆ ಸವಾಲ್, ಅಂದರೆ ಪ್ರಶ್ನೆ, ಎಂದು ಬಿತ್ತು. ಅವರು ಕರುಣೆಯಿಂದ ಹಿಂದಿಗೆ ಇಳಿದರು. "ಸವಾಲ್ ಸಮಝಾ ನಹೀಂ? ಫಿರ್ ಸೇ ಪೂಛತಾ ಹೂಂ." ಮತ್ತೆ ಕೇಳಿದರು.

"ಸಾವಲ್, ಸರ್."

"ವಹೀ ಸವಾಲ್ ಹೈ. ಅಬ್ ಜವಾಬ್ ದೋ."

"ಸಾವಲ್."

"ಅರೇ, ಸವಾಲ್ ಮೇರಾ ಹೈ, ಜವಾಬ್ ತುಮ್ಹಾರಾ!"

"ಜವಾಬ್ ಹೀ ಸಾವಲ್ ಹೈ, ಸರ್."

ಅವರು ಕನ್ನಡಕ ತೆಗೆದರು. "ಯೇ ಕಾಲೇಜ್ ಹೈ ಕಿ ಮುಶಾಯಿರಾ?" ನನ್ನ ಮಾತು ಅವರಿಗೆ ಕವಿಗೋಷ್ಠಿಯ ಶಾಯರಿಯಂತೆ ಕೇಳಿಸಿರಬೇಕು.

ಅವರ ಪೆನ್ನು ಅಂಕದ ಹಾಳೆಯ ಕಡೆಗೆ ಸರಿಯಿತು. ನನಗೆ ಸೋಲಾಪುರದ ಸ್ಟೇಷನ್ನು ಕಂಡಿತು, ಅಂಗಡಿ ಕಂಡಿತು, ಚಾದರಗಳನ್ನು ಮಡಚುತ್ತಿರುವ ನಾನೂ ಕಂಡೆ. ತಲೆ ತಗ್ಗಿಸಿದೆ. ಆಗ ಬಾಟಿನ ಭಾರಕ್ಕೆ ಜಡೆ ಹೆಗಲ ಮೇಲಿಂದ ಜಾರಿ ಮುಂದಕ್ಕೆ ಬಿತ್ತು. ಹಲಗೆಯ ಅಂಚಿನ ಪಕ್ಕದಲ್ಲಿ, ಗಾಳಿಯಲ್ಲಿ, ಒಂದೆರಡು ಸಲ ಆಡಿ, ನೆಟ್ಟಗೆ ನಿಂತಿತು.

ಫುಪ್ಪುವಿನ ಗೊಂಡೆ. ಇನ್ನು ಭಾಷೆ ಯಾಕೆ ಬೇಕು? ಇನ್ನೊಂದಿಷ್ಟು ಬಗ್ಗಿ, ಜಡೆಯನ್ನು ಆ ಚುಕ್ಕೆಗೆ ಸಲಾಂ ಹೇಳಿಸಿ, "ಯೇ, ಸರ್" ಎಂದು ಗೊಂಡೆಯ ಕೆಳಗಿನ ನೆಲ ತೋರಿಸಿದೆ.

ಅವರು ಕುರ್ಚಿಯಿಂದ ಎದ್ದು ಬಂದು, ನಮ್ಮ ಅಬ್ಬಾನ ಹಾಗೆಯೇ ಒಂದು ಕಣ್ಣು ಮುಚ್ಚಿ ಜಡೆಯನ್ನು ನೋಡಿದರು. "ಓಳಂಬಾ!" ಎಂದು ಕೂಗಿದರು. "ಅರೇ ಬಾಬಾ, ಪ್ಲಮ್ ಬಾಬ್! ತೋ ಪೆಹಲೇ ಬೋಲನಾ!"

"ಪೆಹಲೇ ಸೇ ವಹೀ ಬೋಲ್ ರಹೀ ಹೂಂ, ಸರ್."

ಅವರಿಗೆ ನಗು ತಡೆಯಲಿಲ್ಲ. ನಗುತ್ತಲೇ ಇನ್ನೊಂದು ಪ್ರಶ್ನೆ ಎಸೆದರು: ಇಂಥದೇ ದಾರವನ್ನು ದೂರದ ಇನ್ನೊಂದು ಊರಿನಲ್ಲಿ ಬಿಟ್ಟರೆ ಎರಡೂ ಸಮಾನಾಂತರವೋ? ತಲೆ ಎತ್ತು ಎಂದು ಹೇಳಲು ಅವರು ಮರೆತಿದ್ದರು. ಹೇಳದೆ ಎತ್ತಲು ನನಗೆ ಹೆದರಿಕೆ. ಬಗ್ಗಿದಲ್ಲಿಂದಲೇ, ನೆಲಕ್ಕೆ ಪಾಠ ಹೇಳುವವಳ ಹಾಗೆ, ಮುಂಬೈಯ ಗುಂಡು, ಬಿಜಾಪುರದ ಗುಂಡು, ನಡುವೆ ಬರುವ ಗುಡ್ಡದ ಸೆಳೆತ ಎಲ್ಲ ಹೇಳಿದೆ. ಮನೆಯಲ್ಲಿ ಅಷ್ಟು ಅಡ್ಡಪ್ರಶ್ನೆ ಎದುರಿಸಿದವಳಿಗೆ ಇದು ಯಾವ ಲೆಕ್ಕ? ಊರು ಬಿಟ್ಟು ಯಾಕೆ ಬಂದಿರಿ ಎಂದು ಮಾತ್ರ ಅವರು ಕೇಳಲಿಲ್ಲ, ನನ್ನ ಪುಣ್ಯ.

ಪಾಸಾದೆ. ಸೆಕೆಂಡ್ ಕ್ಲಾಸ್. ಫುಪ್ಪುವಿಗೆ ನಡೆದದ್ದನ್ನೆಲ್ಲ ಹೇಳಿದಾಗ ಅವರು ನಗಲಿಲ್ಲ. "ಬಾಟು ವಾಪಸ್ ಕೊಡು, ಕಿರಾಣಿ ಅಂಗಡೀದೈತಿ" ಎಂದರು, ಅಷ್ಟೇ. ಸೋಲಾಪುರದ ಹುಡುಗ ಅಷ್ಟರಲ್ಲಿ ಕಾದು ಸಾಕಾಗಿ ಬೇರೆ ಮದುವೆಯಾಗಿದ್ದ. ಆ ಮದುವೆಗೆ ಹೋದ ಫುಪ್ಪು ನಮಗೆಲ್ಲ ಲಾಡು ತಂದರು. ನನಗೆ ಕೊಡುವಾಗ ಎರಡು ಕೊಟ್ಟರು.

ಸರ್ಟಿಫಿಕೇಟು ಕೈಗೆ ಬಂದದ್ದು ಎಷ್ಟೋ ತಿಂಗಳ ಮೇಲೆ, ದೊಡ್ಡ ಸಭಾಂಗಣದಲ್ಲಿ. ಬಾಡಿಗೆಯ ಕರಿ ಗೌನು ತೊಟ್ಟು ನಾನು ವೇದಿಕೆಯಿಂದ ಇಳಿದು ಬಂದರೆ ಅಬ್ಬಾ ಸಭಾಂಗಣದ ಕಂಬ ನೋಡುತ್ತ ನಿಂತಿದ್ದರು. ನನ್ನನ್ನು ನೋಡಿದರೆ ಅಳು ಬರುತ್ತದೆ, ಅದಕ್ಕೇ ಕಂಬ ನೋಡಿದೆ ಎಂದು ಆಮೇಲೆ ಅಮ್ಮನ ಹತ್ತಿರ ಹೇಳಿದರಂತೆ. ಮರುದಿನವೇ ಸರ್ಟಿಫಿಕೇಟಿಗೆ ಗಾಜಿನ ಚೌಕಟ್ಟು ಹಾಕಿಸಿ ತಂದರು.

ಮನೆಗೆ ತಂದ ಚೌಕಟ್ಟನ್ನು ನಾನು ಫುಪ್ಪುವಿನ ಕೈಗೆ ಕೊಟ್ಟೆ. ಓದಲು ಬಾರದವರು, ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು. ನಾನು ತಿರುಗಿಸಿ ಕೊಡಲು ಹೋದರೆ ಕೈ ಸರಿಸಿದರು. ಕೊನೆಗೆ ಅಬ್ಬಾ ಸ್ಟೂಲು ಹತ್ತಿ, ಅದನ್ನು ಇಸಿದುಕೊಂಡು, ಸುಲಟಾ, ಅಂದರೆ ನೆಟ್ಟಗೆ, ಮಾಡಿ ಮೊಳೆಗೆ ಹಾಕಿದರು. ಪಕ್ಕದಲ್ಲಿ ಸಾವಲ್ ಬಿಟ್ಟರು. ಚಾಳಿನಲ್ಲಿ ಯಾವಾಗಲೂ ಗಾಳಿ. ಗುಂಡು ಆಡುತ್ತಲೇ ಇತ್ತು. ಅಮ್ಮ ಬಕೆಟ್ಟಿನಲ್ಲಿ ನೀರು ತಂದು ಕೆಳಗಿಟ್ಟರು. ಗುಂಡು ನೀರಿನಲ್ಲಿ ಮುಳುಗಿ ತೆಪ್ಪಗಾಯಿತು. ಚೌಕಟ್ಟಿನ ಅಂಚನ್ನು ಅಬ್ಬಾ ಕೂದಲಿನಷ್ಟು ಆ ಕಡೆ, ಕೂದಲಿನಷ್ಟು ಈ ಕಡೆ ಸರಿಸಿ ದಾರಕ್ಕೆ ಸರಿಮಾಡಿದರು.

ಆದರೂ ಏನೋ ಸೊಟ್ಟ. ಚಾಳಿನ ಮುಪ್ಪಿನ ಗೋಡೆ, ಪಕ್ಕದ ಕಂಬ, ಬಾಗಿಲಿನ ಚೌಕಟ್ಟು ಎಲ್ಲವೂ ಎಂದೋ ಒಂದೇ ಕಡೆಗೆ ವಾಲಿದ್ದವು. ಅವುಗಳ ನಡುವೆ ಸರಿಯಾಗಿ ನಿಂತ ನನ್ನ ಸರ್ಟಿಫಿಕೇಟು ಒಂದೇ ವಾಲಿದಂತೆ ಕಾಣುತ್ತಿತ್ತು. ನೋಡಲು ಬಂದ ಬಾಜೂಮನೆಯ ಆಕೆ, "ಯವ್ವ, ವಾಂಕಡಿ ಆಗೇತಲ್ಲ" ಎಂದಳು. ಅಬ್ಬಾ ಸ್ಟೂಲಿನ ಮೇಲಿಂದಲೇ ಅಕ್ಕನ ಮುಖ ನೋಡಿದರು. ನಾನೂ ನೋಡಿದೆ. ಇನ್ನೇನು ಕನ್ನಡ ಬರುತ್ತದೆಂದು ಕಾದೆ.

ಫುಪ್ಪು ಎದ್ದು ಬಂದು, ದಾರ ನೋಡಿದರು, ಗೋಡೆ ನೋಡಿದರು, ಸೊಂಟ ಎಡಕ್ಕೂ ತಲೆ ಬಲಕ್ಕೂ ವಾಲಿಸಿ ನಿಂತ ನನ್ನನ್ನು ನೋಡಿದರು. ಆಮೇಲೆ ಗೋಡೆಗೆ ಬೆರಳು ತೋರಿಸಿ ಬಾಜೂಮನೆಯವಳಿಗೆ, ದಖನಿಯಲ್ಲಿ, ಹೇಳಿದರು:

"ಟೇಡಿ ತೋ ದೀವಾರ್ ಹೈ. ಮೇರಿ ಬಚ್ಚಿ ಸೀದೀಚ್ ಹೈ."